ಅರುವತ್ತು ಪೇಪರ್ ಓದಿಯೂ ರಿವ್ಯೂ ಆಗಲಿಲ್ಲ ಎಂದರೆ?

ಪ್ರಶ್ನೆ: ನಾನು ಪೆರ್ಲ ಕಡೆಯವಳು. ಕ್ಲಿನಿಕಲ್ ಸೈಕಾಲಜಿ ಎಂ.ಫಿಲ್ ಎರಡನೇ ವರ್ಷದಲ್ಲಿದ್ದೇನೆ. ಬೌದ್ಧಿಕ ಅಸಾಮರ್ಥ್ಯ ಇರುವ ಮಕ್ಕಳನ್ನು ನೋಡಿಕೊಳ್ಳುವ ಕಾಸರಗೋಡಿನ ತಾಯಂದಿರ ಮೇಲಿನ ಹೊರೆ ನನ್ನ ಡಿಸರ್ಟೇಶನ್ ವಿಷಯ. ಅರುವತ್ತು ಪೇಪರ್ ಓದಿ, ಒಂದೊಂದಕ್ಕೂ ಒಂದು ಪ್ಯಾರಾ ಬರೆದು ರಿವ್ಯೂ (ಹಿಂದಿನ ಅಧ್ಯಯನಗಳ ವಿಮರ್ಶೆ) ಅಧ್ಯಾಯ ಕೊಟ್ಟೆ. "ಇದು ಪಟ್ಟಿ, ರಿವ್ಯೂ ಅಲ್ಲ" ಎಂದು ಗೈಡ್ ವಾಪಸ್ ಕೊಟ್ಟರು. ಎಲ್ಲಿ ಎಡವಿದೆ? ಕಾಸರಗೋಡಿನಲ್ಲಿ ಇಂಥ ಅಧ್ಯಯನ ಆಗಿಲ್ಲ ಎಂಬುದೇ ನನ್ನ ಗ್ಯಾಪ್ (ಹಿಂದಿನ ಸಂಶೋಧನೆ ತುಂಬದ ಜಾಗ) ಎಂದು ಬರೆದರೆ ಸಾಲದೇ? ಎಷ್ಟು ಪೇಪರ್ ಬೇಕು? ಇಲ್ಲಿನ ಗೇರು ತೋಟಗಳಿಗೆ ಸಿಂಪಡಿಸಿದ ಕೀಟನಾಶಕ ಎಂಡೋಸಲ್ಫಾನ್ ಬಗ್ಗೆ ಕನ್ನಡದಲ್ಲಿ ಬಂದ ಲೇಖನಗಳನ್ನು ಸೇರಿಸಬಹುದೇ?

ಉತ್ತರ: ನಿಮ್ಮ ಗೈಡ್ ಹೇಳಿದ್ದು ಸರಿ. ಹಾಗಂತ ಓದಿದ್ದೇನೂ ದಂಡವಾಗಿಲ್ಲ. ಆ ಅರುವತ್ತು ಪ್ಯಾರಾಗಳನ್ನು ಅಳಿಸಬೇಡಿ. ಬೇರೆ ಫೈಲಿಗೆ ಹಾಕಿಡಿ. ಅವು ನಿಮ್ಮ ಕಚ್ಚಾ ಟಿಪ್ಪಣಿ, ಅಧ್ಯಾಯ ಇನ್ನೂ ಬರೆಯಬೇಕಾಗಿದೆ, ಅಷ್ಟೇ.

ಮೊದಲು ಒಂದು ಕೋಷ್ಟಕ ಮಾಡಿ. ಎಕ್ಸೆಲ್ ಆದರೂ ಸರಿ, ಉದ್ದದ ರಿಜಿಸ್ಟರ್ ಪುಸ್ತಕವಾದರೂ ಸರಿ. ಒಂದು ಪೇಪರಿಗೆ ಒಂದು ಅಡ್ಡಸಾಲು. ಮೇಲೆ ಕಾಲಮ್‌ಗಳು: ಯಾರನ್ನು ಕೇಳಿದರು (ತಾಯಿಯನ್ನೇ, ಅಪ್ಪನನ್ನೇ, ಅಜ್ಜಿಯನ್ನೇ), ಮಗುವಿನ ತೊಂದರೆ ಏನು, ವಯಸ್ಸೆಷ್ಟು, ಅವರನ್ನು ಎಲ್ಲಿ ಭೇಟಿಯಾದರು, ಯಾವ ಟೂಲ್ (ಅಳೆಯಲು ಬಳಸಿದ ಪ್ರಶ್ನಾವಳಿ), ಯಾವ ಭಾಷೆಯಲ್ಲಿ, ಏನು ಸಿಕ್ಕಿತು. ಕೊನೆಗೆ ಇನ್ನೊಂದು ಕಾಲಮ್: ಈ ಪೇಪರಿನಿಂದ ಏನನ್ನು ಹೇಳಲು ಬರುವುದಿಲ್ಲ. ಈ ಕೊನೆಯದನ್ನು ಜಾಸ್ತಿ ಜನ ಖಾಲಿ ಬಿಡುತ್ತಾರೆ. ಅಧ್ಯಾಯ ಹುಟ್ಟುವುದೇ ಅಲ್ಲಿಂದ.

ಕೋಷ್ಟಕ ತುಂಬಿದ ಮೇಲೆ ಅದನ್ನು ಮೇಲಿನಿಂದ ಕೆಳಕ್ಕೆ ಓದಿ. ನೀವು ಈಗ ಬರೆದಿರುವುದು ಅಡ್ಡಸಾಲುಗಳನ್ನು: ಇವರು ಹೀಗೆ ಮಾಡಿದರು, ಅವರು ಹಾಗೆ ಮಾಡಿದರು. ರಿವ್ಯೂ ಬರೆಯಬೇಕಾದದ್ದು ಕಾಲಮ್‌ಗಳನ್ನು. ಒಂದು ಕಾಲಮ್ ಒಂದು ಉಪಶೀರ್ಷಿಕೆ ಆಗುತ್ತದೆ. ಅದರಲ್ಲಿ ಅರುವತ್ತರಲ್ಲಿ ಹತ್ತೋ ಹದಿನೈದೋ ಪೇಪರ್ ಒಟ್ಟಿಗೆ ಬಂದು ಒಂದರ ಜೊತೆ ಒಂದು ಮಾತಾಡುತ್ತವೆ. ಕೆಲವು ಪೇಪರ್ ಮೂರು ಕಡೆ ಬರುತ್ತವೆ. ಕೆಲವು ಎಲ್ಲೂ ಬರುವುದಿಲ್ಲ. ಅವನ್ನು ಬಿಟ್ಟುಬಿಡಿ. ಕಷ್ಟಪಟ್ಟು ಓದಿದ್ದೇನೆ ಎಂಬ ಕಾರಣಕ್ಕೆ ಯಾವುದನ್ನೂ ಉಳಿಸಿಕೊಳ್ಳಬೇಡಿ.

ಬರೀ ಮಾತಿನಲ್ಲಿ ಹೇಳಿದರೆ ಸಾಲದು. ನೀವು ಖಂಡಿತ ಓದಿರುವ ಪೇಪರ್‌ಗಳನ್ನೇ ಹಿಡಿದು ತೋರಿಸುತ್ತೇನೆ. ಥೀಸಿಸ್ ಇಂಗ್ಲಿಷಿನಲ್ಲೇ ಇರುತ್ತದೆ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ನೀವು ಕೊಟ್ಟ ಅಧ್ಯಾಯ ಹೆಚ್ಚುಕಡಿಮೆ ಹೀಗೆ ಇದ್ದಿರಬಹುದು:

"ಹೋನಿಗ್ ಮತ್ತು ಹ್ಯಾಮಿಲ್ಟನ್ (1966) ಸ್ಕಿಜೋಫ್ರೇನಿಯಾ ರೋಗಿಗಳ ಮನೆಯವರ ಹೊರೆಯನ್ನು ಅಧ್ಯಯನ ಮಾಡಿದರು. ಝಾರಿಟ್ ಮತ್ತು ಸಂಗಡಿಗರು (1980) ಮರೆವಿನ ಕಾಯಿಲೆ ಇರುವ ಹಿರಿಯರ ಆರೈಕೆದಾರರನ್ನು ಅಧ್ಯಯನ ಮಾಡಿದರು. ಪೈ ಮತ್ತು ಕಪೂರ್ (1981) ಭಾರತದಲ್ಲಿ ಒಂದು ಸಂದರ್ಶನ ಪಟ್ಟಿಯನ್ನು ರೂಪಿಸಿದರು."

ಮೂರು ವಾಕ್ಯವೂ ನಿಜ. ಆದರೆ ಓದಿದವನಿಗೆ "ಸರಿ, ಅದಕ್ಕೇನೀಗ?" ಅನ್ನಿಸುತ್ತದೆ. ಅದೇ ಮೂರನ್ನು ಟೂಲ್ ಎಂಬ ಕಾಲಮ್ಮಿನಿಂದ ಬರೆದರೆ:

"ಕುಟುಂಬದ ಹೊರೆಯನ್ನು ಹೊರಗೆ ಕಾಣುವ ನಷ್ಟ, ಒಳಗೆ ಅನ್ನಿಸುವ ಭಾರ ಎಂದು ಬೇರೆ ಮಾಡಿ ನೋಡುವುದು ಹೋನಿಗ್ ಮತ್ತು ಹ್ಯಾಮಿಲ್ಟನ್ (1966) ಅವರಿಂದ ರೂಢಿಗೆ ಬಂತು. ಪೈ ಮತ್ತು ಕಪೂರ್ (1981) ಅವರ ಪಟ್ಟಿಯಲ್ಲಿ ಹೆಚ್ಚಿನ ಪ್ರಶ್ನೆಗಳು ಹೊರಗಿನ ನಷ್ಟದ ಬಗ್ಗೆ ಇವೆ: ಹಣಕಾಸು, ದಿನದ ಕೆಲಸ, ಬಿಡುವು, ಮನೆಯವರ ಸಂಬಂಧ, ದೇಹದ ಆರೋಗ್ಯ, ಮನಸ್ಸಿನ ಆರೋಗ್ಯ. ಒಳಗಿನ ಭಾರಕ್ಕೆ ಒಂದೇ ಪ್ರಶ್ನೆ. ಝಾರಿಟ್ (1980) ಪಟ್ಟಿಯಲ್ಲಿ ಒತ್ತು ಇರುವುದು ಅನ್ನಿಸಿಕೆಯ ಮೇಲೆ. ಹಾಗಾಗಿ ಈ ಎರಡು ಟೂಲ್‌ಗಳಿಂದ ಬಂದ 'ಹೆಚ್ಚಿನ ಹೊರೆ'ಯನ್ನು ಒಂದೇ ಎಂದು ಓದಲಾಗದು. ಅಲ್ಲದೆ ಇವು ಹುಟ್ಟಿದ್ದು ದೊಡ್ಡವರಾದ ರೋಗಿಗಳ ಮನೆಗಳಲ್ಲಿ, ಹುಟ್ಟಿನಿಂದಲೇ ಆರೈಕೆ ಬೇಕಾದ ಮಕ್ಕಳ ಮನೆಗಳಲ್ಲಿ ಅಲ್ಲ."

ಹೊಸ ಪೇಪರ್ ಒಂದೂ ಸೇರಲಿಲ್ಲ. ಆದರೆ ಕೊನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ನಿಮ್ಮ ಅಧ್ಯಯನಕ್ಕೆ ಒಂದು ಕಾರಣ ಹುಟ್ಟಿಕೊಂಡಿದೆ. ಗೈಡ್ ಕೇಳುತ್ತಿರುವುದು ಇದನ್ನೇ.

ಟೂಲ್ ಕಾಲಮ್ಮಿನಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಲ್ಲಿ. ನಿಮ್ಮ ವಿಷಯದಲ್ಲಿ ಅತಿ ಹೆಚ್ಚು ಸರಕು ಇರುವುದು ಇಲ್ಲೇ. ಈಗ ಎಲ್ಲರೂ ಬಳಸುವ ಝಾರಿಟ್ ಪಟ್ಟಿಯಲ್ಲಿ 22 ಪ್ರಶ್ನೆಗಳಿವೆ. ಒಂದೊಂದಕ್ಕೆ 0ಯಿಂದ 4, ಒಟ್ಟು 88. ಮೊದಲನೇ ಪ್ರಶ್ನೆಯನ್ನೇ ನೋಡಿ. ನಿಮ್ಮವರು ತಮಗೆ ಬೇಕಾದ್ದಕ್ಕಿಂತ ಜಾಸ್ತಿ ಸಹಾಯ ಕೇಳುತ್ತಾರೆ ಅನ್ನಿಸುತ್ತದೆಯೇ ಎಂಬ ಅರ್ಥದ ಪ್ರಶ್ನೆ ಅದು. ಮುದಿ ಅಪ್ಪನನ್ನು ನೋಡಿಕೊಳ್ಳುವ ಮಗಳಿಗೆ ಇದು ಸರಿಯಾಗಿ ತಾಗುತ್ತದೆ. ಹನ್ನೆರಡು ವರ್ಷವಾದರೂ ಮಾತು ಬಾರದ, ತಾನಾಗಿ ಕೂರಲೂ ಆಗದ ಮಗುವಿನ ತಾಯಿಗೆ ಇದನ್ನು ಕೇಳಿದರೆ? ಆ ಮಗು ಏನನ್ನೂ ಕೇಳುವುದಿಲ್ಲ. ತಾಯಿ "ಇಲ್ಲ" ಅನ್ನುತ್ತಾಳೆ, ನೀವು 0 ಬರೆದುಕೊಳ್ಳುತ್ತೀರಿ. ಹೊರೆ ಅತಿ ಹೆಚ್ಚಿರುವ ಮನೆಯಲ್ಲಿ ಅಂಕ ಕಡಿಮೆ ಬಂತು, ಅಲ್ವಾ? ನೀವು ಓದಿದ ಪೇಪರ್‌ಗಳಲ್ಲಿ ತೀವ್ರ ಅಸಾಮರ್ಥ್ಯದ ಮಕ್ಕಳ ತಾಯಂದಿರಿಗೆ ಝಾರಿಟ್ ಬಳಸಿದವರು ಯಾರು, ಅವರು ಈ ತೊಡಕನ್ನು ಗಮನಿಸಿದ್ದಾರೆಯೇ ಎಂದು ಒಂದೊಂದಾಗಿ ತೆಗೆದು ನೋಡಿ. ಗಮನಿಸದಿದ್ದರೆ ಅದನ್ನು ಬರೆಯಿರಿ. ಟೀಕೆ ಅಂದರೆ "ಸ್ಯಾಂಪಲ್ ಚಿಕ್ಕದು" ಎಂದು ಪ್ರತಿ ಪೇಪರಿಗೂ ಅಂಟಿಸುವುದಲ್ಲ.

ಚೆನ್ನೈನ ಸ್ಕಾರ್ಫ್ ಸಂಸ್ಥೆಯವರು 1998ರಲ್ಲಿ ಪ್ರಕಟಿಸಿದ 40 ಪ್ರಶ್ನೆಗಳ ಬರ್ಡನ್ ಅಸೆಸ್‌ಮೆಂಟ್ ಶೆಡ್ಯೂಲ್ ಕೂಡ ದೀರ್ಘಕಾಲದ ಮಾನಸಿಕ ಕಾಯಿಲೆಯವರ ಮನೆಯವರಿಗಾಗಿ ಮಾಡಿದ್ದು. ಬೌದ್ಧಿಕ ಅಸಾಮರ್ಥ್ಯದ ಮಕ್ಕಳ ಕುಟುಂಬಗಳಿಗೆಂದೇ ನಿಮ್ಹಾನ್ಸ್‌ನ ಗಿರಿಮಾಜಿ ಮತ್ತು ಸಂಗಡಿಗರು 1999ರಲ್ಲಿ ಒತ್ತಡ ಮತ್ತು ಅದನ್ನು ನಿಭಾಯಿಸುವ ರೀತಿಯ ಬಗ್ಗೆ ಒಂದು ಸಂದರ್ಶನವನ್ನು ರೂಪಿಸಿದರು. ನಿಮ್ಮ ಪಟ್ಟಿಯಲ್ಲಿ ಇದು ಇಲ್ಲದಿದ್ದರೆ ಮೊದಲು ಅದನ್ನು ತನ್ನಿ. ಹೊರೆಯ ಪಕ್ಕದಲ್ಲಿ ನಿಭಾಯಿಸುವ ಬಗೆಯನ್ನೂ ಕೇಳುವ ಟೂಲ್ ಕಣ್ಣೆದುರು ಇರುವಾಗ ಬರೀ ಹೊರೆಯ ಟೂಲನ್ನೇ ಯಾಕೆ ಆರಿಸಿದಿರಿ ಎಂದು ವೈವಾದಲ್ಲಿ ಕೇಳಿಯೇ ಕೇಳುತ್ತಾರೆ.

ಇನ್ನು ಭಾಷೆಯ ಕಾಲಮ್. ಇದು ಕಾಸರಗೋಡಿನವರಿಗೆ ಬಂದಷ್ಟು ಸಹಜವಾಗಿ ಬೇರೆಯವರಿಗೆ ಬರಲಾರದು. "ಸ್ಥಳೀಯ ಭಾಷೆಯಲ್ಲಿ ಕೇಳಲಾಯಿತು" ಎಂದು ಪೇಪರ್‌ಗಳು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ಪೆರ್ಲದಲ್ಲಿ ಸ್ಥಳೀಯ ಭಾಷೆ ಯಾವುದು? ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಂಚಾಯತಿನ ಕಾಗದಪತ್ರ ಮಲಯಾಳದಲ್ಲಿ, ಪಕ್ಕದ ಮನೆಯಲ್ಲಿ ಬ್ಯಾರಿ ಅಥವಾ ಮರಾಠಿ. ಬೆಂಗಳೂರಿನ ಆಸ್ಪತ್ರೆಯಲ್ಲಿ ತಯಾರಾದ ಕನ್ನಡ ರೂಪವನ್ನು ತುಳು ಮನೆಮಾತಿನ ತಾಯಿಗೆ ಓದಿ ಹೇಳುವಾಗ ಸಂದರ್ಶಕಿ ಬಾಯಲ್ಲೇ ಅನುವಾದ ಮಾಡುತ್ತಾಳೆ. ಆ ಬಾಯಿ ಅನುವಾದವನ್ನು ಯಾರೂ ವಾಪಸ್ ಅನುವಾದಿಸಿ ಪರೀಕ್ಷಿಸಿಲ್ಲ. ನಿಮ್ಮ ಪೇಪರ್‌ಗಳಲ್ಲಿ ಎಷ್ಟು ಜನ ಅನುವಾದದ ವಿಧಾನ ಹೇಳಿದ್ದಾರೆ, ಎಷ್ಟು ಜನ ಹೇಳಿಲ್ಲ ಎಂದು ಎಣಿಸಿ. ಆ ಎಣಿಕೆಯೇ ನಿಮ್ಮ ಒಂದು ಪ್ಯಾರಾ.

"ಎಲ್ಲಿ ಭೇಟಿಯಾದರು" ಎಂಬುದನ್ನೂ ಹಗುರಾಗಿ ತೆಗೆದುಕೊಳ್ಳಬೇಡಿ. ದೊಡ್ಡ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಸಿಗುವ ತಾಯಿ ಅಲ್ಲಿಯವರೆಗೆ ಬರಲು ಆದವಳು. ಬಸ್ಸಿಗೆ ದುಡ್ಡು, ಜೊತೆಗೊಬ್ಬರು, ಒಂದು ದಿನದ ಬಿಡುವು ಇದ್ದವಳು. ಬೆಳ್ಳೂರಿನ ಗುಡ್ಡದ ಮನೆಯಲ್ಲಿ ಉಳಿದವಳು ಆ ಪೇಪರಿನಲ್ಲಿಲ್ಲ. ಹಾಗೆಯೇ 2020, 2021ರ ಮಾಹಿತಿ ಇದ್ದರೆ ಅದನ್ನು ಯಾವ ತಿಂಗಳಲ್ಲಿ ಸಂಗ್ರಹಿಸಿದರು ನೋಡಿ. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಕಡೆಯವರ ಪಾಡು ಏನಾಯಿತು ಎಂದು ನಿಮಗೆ ಗೊತ್ತು. ಆ ತಿಂಗಳುಗಳ ಅಂಕಗಳನ್ನು ಮಾಮೂಲಿ ಕಾಲದ ಅಂಕಗಳ ಜೊತೆ ಸುಮ್ನೆ ಬೆರೆಸಬಾರದು.

ಈಗ ನಿಮ್ಮ ಗ್ಯಾಪ್ ವಿಷಯ. "ಕಾಸರಗೋಡಿನಲ್ಲಿ ಯಾರೂ ಮಾಡಿಲ್ಲ" ಎಂಬುದು ಗ್ಯಾಪ್ ಅಲ್ಲ. ಹಾಗೆ ನೋಡಿದರೆ ಮಡಿಕೇರಿಯಲ್ಲೂ ಮಾಡಿಲ್ಲ, ಸಾಂಗ್ಲಿಯಲ್ಲೂ ಮಾಡಿಲ್ಲ ಎಂದು ಯಾರಾದರೂ ಹೇಳಬಹುದು. ಪರೀಕ್ಷಕರು ಒಂದೇ ಪ್ರಶ್ನೆ ಕೇಳುತ್ತಾರೆ: ಅಲ್ಲಿ ಮಾಡಿದರೆ ಫಲಿತಾಂಶ ಬೇರೆ ಬರುತ್ತದೆ ಎಂದು ಯಾಕೆ ಅಂದುಕೊಳ್ಳಬೇಕು? ಇದಕ್ಕೆ ನಿಮ್ಮ ಹತ್ತಿರ ಒಳ್ಳೆಯ ಉತ್ತರ ಇದೆ, ನೀವು ಅದನ್ನು ಬರೆದಿಲ್ಲ ಅಷ್ಟೇ.

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆಯ ತಾಯಂದಿರನ್ನು ಇದುವರೆಗೆ ಯಾರೆಲ್ಲ ಪ್ರಶ್ನೆ ಕೇಳಿದ್ದಾರೆ ಯೋಚಿಸಿ. ಪತ್ರಕರ್ತರು, ಸರ್ವೆಗೆ ಬಂದವರು, ಎಂಡೋಸಲ್ಫಾನ್ ಸಂತ್ರಸ್ತರ ಪಟ್ಟಿಗಾಗಿ ನಡೆದ ವೈದ್ಯಕೀಯ ಶಿಬಿರದ ವೈದ್ಯರು, ಕ್ಯಾಮೆರಾ ಹಿಡಿದವರು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಹೇಳಿದ ಮೇಲೂ ಹಣಕ್ಕಾಗಿ ವರ್ಷಗಟ್ಟಲೆ ಕಾಯಬೇಕಾಯಿತು. ಇಂಥ ಊರಿನಲ್ಲಿ ಕೈಯಲ್ಲಿ ಫಾರ್ಮ್ ಹಿಡಿದು "ನಿಮಗೆ ಎಷ್ಟು ಕಷ್ಟ ಆಗ್ತದೆ?" ಎಂದು ಕೇಳುವ ಹುಡುಗಿ ಯಾರ ಹಾಗೆ ಕಾಣುತ್ತಾಳೆ? ಪಟ್ಟಿಯಲ್ಲಿ ಹೆಸರಿಲ್ಲದ ತಾಯಿಗೆ ಆ ಫಾರ್ಮ್ ಇನ್ನೊಂದು ಅವಕಾಶ ಅನ್ನಿಸಬಹುದು. ಹತ್ತು ಸಲ ಕಷ್ಟ ಹೇಳಿ ಸೋತವಳು ಎಲ್ಲದಕ್ಕೂ "ಆಯ್ತು, ಬರ್ಕೊಳ್ಳಿ" ಅನ್ನಬಹುದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಬೇರೆ ಊರಿನಲ್ಲಿ ತಯಾರಾದ ಹೊರೆಯ ಟೂಲ್ ಇಂಥ ಜಾಗದಲ್ಲಿ ಅದೇ ಕೆಲಸ ಮಾಡುತ್ತದೆಯೇ ಎಂಬುದು ನಿಜವಾದ ಸಂಶೋಧನಾ ಪ್ರಶ್ನೆ. ಪರಿಹಾರ, ಪಟ್ಟಿ, ಮತ್ತೆಮತ್ತೆ ಸಂದರ್ಶನ ಇವು ಉತ್ತರದ ಮೇಲೆ ಏನು ಪರಿಣಾಮ ಮಾಡುತ್ತವೆ ಎಂದು ನೋಡಿದ ಅಧ್ಯಯನಗಳನ್ನು ಹುಡುಕಿ. ಹೊರೆಯ ಬಗ್ಗೆಯೇ ಇರಬೇಕೆಂದಿಲ್ಲ. ಭೋಪಾಲದಂಥ ದುರಂತಗಳ ನಂತರದ ಮಾನಸಿಕ ಆರೋಗ್ಯದ ಪೇಪರ್‌ಗಳಲ್ಲೂ ಹುಡುಕಿ. ನಿಮ್ಮ ಗ್ಯಾಪ್ ಇರುವುದು ಇಲ್ಲಿ.

ಇದರ ಜೊತೆಗೆ ಬೌದ್ಧಿಕ ಅಸಾಮರ್ಥ್ಯದ ಮಕ್ಕಳಿಗಾಗಿ ಇರುವ ಬಡ್ಸ್ ಶಾಲೆಗಳಿವೆ. ಕೇರಳ ಸರ್ಕಾರದ ಕುಟುಂಬಶ್ರೀ ಯೋಜನೆ ಮತ್ತು ಪಂಚಾಯತುಗಳ ಮೂಲಕ ನಡೆಯುವ ಈ ಶಾಲೆಗಳಿಗೆ ಮಗು ಹೋಗುವ ಮನೆಗೂ ಹೋಗದ ಮನೆಗೂ ತಾಯಿಯ ದಿನವೇ ಬೇರೆ. ಈ ಹೋಲಿಕೆಗೆ ನಿಮ್ಮ ಜಿಲ್ಲೆ ಒಳ್ಳೆಯ ಜಾಗ.

ಎಂಡೋಸಲ್ಫಾನ್ ಬಗ್ಗೆ ಒಂದು ಎಚ್ಚರಿಕೆ. 2003ರಲ್ಲಿ ಸಯ್ಯದ್ ಮತ್ತು ಸಂಗಡಿಗರು ಪ್ರಕಟಿಸಿದ ಪೇಪರನ್ನು ಎಲ್ಲರೂ ಎಲ್ಲದಕ್ಕೂ ಉಲ್ಲೇಖಿಸುತ್ತಾರೆ. ಅದನ್ನು ತೆರೆದು ಓದಿ. ಗೇರು ತೋಟದ ತಪ್ಪಲಿನ ಹಳ್ಳಿಯ 117 ಗಂಡು ಮಕ್ಕಳು, ಸಿಂಪಡಣೆ ಇಲ್ಲದ ಕಡೆಯ 90 ಮಕ್ಕಳು, ವಯಸ್ಸು 10ರಿಂದ 19. ಅಲ್ಲಿ ಅಳೆದದ್ದು ಲೈಂಗಿಕ ಬೆಳವಣಿಗೆಯ ಹಂತ ಮತ್ತು ಹಾರ್ಮೋನ್. ಆ ಪೇಪರಿನಲ್ಲಿ ತಾಯಂದಿರ ಹೊರೆಯ ಬಗ್ಗೆ ಒಂದಕ್ಷರವೂ ಇಲ್ಲ. "ಎಂಡೋಸಲ್ಫಾನ್‌ನಿಂದ ಬೌದ್ಧಿಕ ಅಸಾಮರ್ಥ್ಯ ಬಂದಿದೆ" ಎಂಬ ವಾಕ್ಯದ ಮುಂದೆ ಅದನ್ನು ಹಾಕಿದರೆ ತಪ್ಪು. ಕಾರಣದ ಪ್ರಶ್ನೆಯಲ್ಲಿ ಸಮಿತಿಗಳ ವರದಿಗಳೇ ಒಂದಕ್ಕೊಂದು ಹೊಂದುವುದಿಲ್ಲ. ಅದನ್ನು ಬಗೆಹರಿಸುವುದು ನಿಮ್ಮ ಡಿಸರ್ಟೇಶನ್ನಿನ ಕೆಲಸವಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದರು, 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿತು ಎಂದು ಹಿನ್ನೆಲೆಯಲ್ಲಿ ನಾಲ್ಕು ಸಾಲು ಬರೆದು, ಮಗುವಿನ ತೊಂದರೆಗೆ ಕಾರಣ ಏನೇ ಇರಲಿ, ತಾಯಿಯ ದಿನ ಹೇಗೆ ಕಳೆಯುತ್ತದೆ ಎಂಬಲ್ಲಿಗೆ ಬನ್ನಿ.

ಹುಡುಕುವ ವಿಷಯದಲ್ಲಿ ಎರಡು ಮೂರು ಕಡೆ ಜನ ಎಡವುತ್ತಾರೆ. 2013ರಲ್ಲಿ ಮನೋರೋಗ ನಿದಾನದ ಅಮೆರಿಕದ ಕೈಪಿಡಿ ಡಿಎಸ್‌ಎಂ-5 ಬಂದ ಮೇಲೆ ಪೇಪರ್‌ಗಳಲ್ಲಿ ಇಂಟಲೆಕ್ಚುವಲ್ ಡಿಸೆಬಿಲಿಟಿ ಎಂದು ಬರೆಯುತ್ತಾರೆ. ಅದಕ್ಕೂ ಹಿಂದಿನ ಭಾರತದ ಪೇಪರ್‌ಗಳಲ್ಲಿ ಮೆಂಟಲ್ ರಿಟಾರ್ಡೇಶನ್, ಮೆಂಟಲ್ ಹ್ಯಾಂಡಿಕ್ಯಾಪ್ ಎಂದಿದೆ. ನಾವು ಈಗ ಬಳಸದ ಪದಗಳಾದರೂ ಹುಡುಕುವಾಗ ಹಾಕಲೇಬೇಕು, ಇಲ್ಲದಿದ್ದರೆ 1980, 1990ರ ದಶಕದ ಕೆಲಸ ನಿಮಗೆ ಸಿಗುವುದೇ ಇಲ್ಲ. ಕಾಸರಗೋಡಿನ ಇಂಗ್ಲಿಷ್ ಕಾಗುಣಿತವೂ ಒಂದೇ ಅಲ್ಲ. ನಡುವೆ 'ಎ' ಇಟ್ಟು, ಅದನ್ನು ಬಿಟ್ಟು, ಕೊನೆಗೆ ಒಂದು 'ಇ' ಸೇರಿಸಿ, ಮೂರೂ ರೀತಿ ಹಾಕಿ ನೋಡಿ. 'ನಾರ್ತ್ ಕೇರಳ' ಎಂದೂ ಹುಡುಕಿ. ಪಬ್‌ಮೆಡ್ ಮತ್ತು ಗೂಗಲ್ ಸ್ಕಾಲರ್ ಎರಡರಲ್ಲೂ ನೋಡಿ. ಪಿಎಚ್‌ಡಿ ಥೀಸಿಸ್‌ಗಳಿಗೆ ಶೋಧಗಂಗಾ. ಸ್ಕಾಲರ್‌ನಲ್ಲಿ ಒಂದು ಒಳ್ಳೆಯ ಪೇಪರಿನ ಕೆಳಗೆ ಅದನ್ನು ಉಲ್ಲೇಖಿಸಿದವರ ಕೊಂಡಿ ಇರುತ್ತದೆ. ಪೈ-ಕಪೂರ್ ಪೇಪರಿನ ಆ ಕೊಂಡಿಯನ್ನು ಒತ್ತಿದರೆ ಭಾರತದ ಹೊರೆಯ ಅಧ್ಯಯನಗಳ ದೊಡ್ಡ ಭಾಗ ಒಂದೇ ಕಡೆ ಸಿಗುತ್ತದೆ. ನಿಮ್ಮದು ಸರ್ಕಾರಿ ಸಂಸ್ಥೆಯಾದರೆ 2025ರ ಜನವರಿಯಿಂದ ಕೇಂದ್ರ ಸರ್ಕಾರದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಶನ್ ಯೋಜನೆಯ ಮೂಲಕ ಸುಮಾರು 13,000 ಜರ್ನಲ್‌ಗಳು ತೆರೆದಿವೆ. ಲೈಬ್ರರಿಯಲ್ಲಿ ಲಾಗಿನ್ ಕೇಳಿ. ಖಾಸಗಿ ಕಾಲೇಜಾದರೆ ಲೇಖಕರಿಗೇ ಒಂದು ಮೇಲ್ ಹಾಕಿ, ಹೆಚ್ಚಿನವರು ಖುಷಿಯಿಂದ ಕಳಿಸುತ್ತಾರೆ.

ಯಾವತ್ತು, ಎಲ್ಲಿ, ಯಾವ ಪದ ಹಾಕಿ ಹುಡುಕಿದಿರಿ, ಎಷ್ಟು ಸಿಕ್ಕಿತು ಎಂದು ಒಂದು ಪುಟದಲ್ಲಿ ಬರೆದಿಡಿ. ಪ್ರಿಸ್ಮಾ 2020 ಎಂಬ ಮಾರ್ಗಸೂಚಿಯ 27 ಅಂಶಗಳ ಪಟ್ಟಿ ಸಿಸ್ಟಮ್ಯಾಟಿಕ್ ರಿವ್ಯೂಗೆ ಮಾಡಿದ್ದು. ನಿಮ್ಮ ಅಧ್ಯಾಯಕ್ಕೆ ಅದು ಕಡ್ಡಾಯವಲ್ಲ. ಚಂದಕ್ಕೆ ಅದರ ಚಿತ್ರ ಹಾಕಬೇಡಿ. ಹಾಕಿದರೆ ಅದರ ಪ್ರಕಾರ ನಡೆದುಕೊಂಡಿದ್ದೀರಾ ಎಂದು ಕೇಳುತ್ತಾರೆ.

ಬರೆಯುವಾಗ ಪೇಪರ್‌ಗಳನ್ನೆಲ್ಲ ಮುಚ್ಚಿ, ಎದುರಿಗೆ ಕೋಷ್ಟಕ ಮಾತ್ರ ಇಟ್ಟುಕೊಳ್ಳಿ. ಸಾರಾಂಶದ ವಾಕ್ಯಗಳು ಕಣ್ಣೆದುರಿದ್ದರೆ ಕೈ ತಾನಾಗಿ ಅದನ್ನೇ ಬರೆಯುತ್ತದೆ. ಯುಜಿಸಿಯ 2018ರ ನಿಯಮದ ಪ್ರಕಾರ ಇತರರ ಬರಹದ ಜೊತೆ ಶೇ 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ, ಅದರ ಮೇಲೆ ಶೇ 40ರವರೆಗೆ ಹೋದರೆ ತಿದ್ದಿ ಕೊಡಬೇಕು, ಅದನ್ನೂ ಮೀರಿದರೆ ಶಿಕ್ಷೆ ಇನ್ನೂ ಕಠಿಣ. ಇನ್ನೊಬ್ಬರ ಥೀಸಿಸ್‌ನಲ್ಲಿ ನೋಡಿದ ಉಲ್ಲೇಖವನ್ನು ಮೂಲ ಓದದೆ ಎತ್ತಿ ಹಾಕಬೇಡಿ. ಚಾಟ್‌ಬಾಟ್ ಕೊಟ್ಟ ಉಲ್ಲೇಖವನ್ನಂತೂ ಡಿಒಐ (ಪೇಪರಿನ ಆನ್‌ಲೈನ್ ಗುರುತು ಸಂಖ್ಯೆ) ಹಾಕಿ ತೆರೆದು ನೋಡದೆ ಮುಟ್ಟಲೇಬೇಡಿ. ಇಲ್ಲದ ಪೇಪರಿಗೆ ನಿಜವಾದ ಲೇಖಕರ ಹೆಸರು ಅಂಟಿಸಿ ಕೊಡುವುದರಲ್ಲಿ ಅವು ನಿಸ್ಸೀಮ.

ಎಷ್ಟು ಪೇಪರ್ ಬೇಕು ಎಂದು ಕೇಳಿದ್ದೀರಿ. ನಿಮ್ಮ ಸಂಸ್ಥೆಯ ನಿಯಮದಲ್ಲಿ ಸಂಖ್ಯೆ ಇದ್ದರೆ ಅದನ್ನು ಪಾಲಿಸಿ. ಇಲ್ಲದಿದ್ದರೆ ಹೊಸ ಪೇಪರ್ ಓದಿದಾಗ ಕೋಷ್ಟಕದ ಕೊನೆಯ ಕಾಲಮ್ಮಿನಲ್ಲಿ ಹೊಸದೇನೂ ಬರೆಯಲು ಸಿಗದ ದಿನ ಹುಡುಕುವುದನ್ನು ನಿಲ್ಲಿಸಿ. ನಿಮ್ಮ ಅರುವತ್ತರಲ್ಲಿ ಮೂವತ್ತೈದು ನಲವತ್ತು ಉಳಿದರೂ ನನಗೆ ಆಶ್ಚರ್ಯವಿಲ್ಲ. ಹೊಸದಾಗಿ ಹತ್ತು ಸೇರಬಹುದು.

ಹಳೆಯದನ್ನು ಬಿಡಬೇಕು ಎಂದೇನಿಲ್ಲ. "ಕಳೆದ ಹತ್ತು ವರ್ಷದ್ದು ಮಾತ್ರ" ಎಂಬ ಮಾತನ್ನು ಕೆಲವರು ವೇದವಾಕ್ಯದ ಹಾಗೆ ಹಿಡಿದುಕೊಳ್ಳುತ್ತಾರೆ. ಕಾರ್‌ಸ್ಟೇರ್ಸ್ ಮತ್ತು ಕಪೂರ್ ಉಡುಪಿಯಾಚೆಯ ಕೋಟದಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಕುಟುಂಬಗಳ ನಡುವೆ ಮಾಡಿದ ಮಾನಸಿಕ ಆರೋಗ್ಯದ ಅಧ್ಯಯನ 1976ರಲ್ಲಿ ಪ್ರಕಟವಾಯಿತು. ಅಳಿಯಸಂತಾನದ ಮನೆಗಳನ್ನು ಕಂಡಿರುವ ನಮ್ಮ ಕಡೆಯ ಕುಟುಂಬಗಳ ಬಗ್ಗೆ ಬರೆಯುವಾಗ ಲಂಡನ್ನಿನ ಹೊಸ ಪೇಪರಿಗಿಂತ ಅದು ಹತ್ತಿರ.

ಇನ್ನು ಕನ್ನಡದ ಲೇಖನಗಳು. ಸೇರಿಸಬಹುದು, ಆದರೆ ಜಾಗ ನೋಡಿ. ವಾಣಿನಗರದ ವೈದ್ಯ ಡಾ. ಮೋಹನ್ ಕುಮಾರ್, ಪತ್ರಕರ್ತ ಶ್ರೀಪಡ್ರೆ ಇವರಿಂದಾಗಿಯೇ ಈ ಸಂಗತಿ ಹೊರಗೆ ಬಂತು. ಅದನ್ನು ಪೀಠಿಕೆಯಲ್ಲಿ, ಊರಿನ ಹಿನ್ನೆಲೆ ಹೇಳುವಾಗ ಗೌರವದಿಂದ ಬರೆಯಿರಿ. ಪತ್ರಿಕೆಯಲ್ಲಿ ಬಂದ ತಾಯಂದಿರ ಮಾತುಗಳನ್ನು ಹೊರೆಯ ಪ್ರಮಾಣಕ್ಕೆ ಸಾಕ್ಷಿಯಾಗಿ ಬಳಸಬೇಡಿ. ಆ ಮಾತುಗಳಿಗೆ ಇನ್ನೊಂದು ಉಪಯೋಗ ಇದೆ. ಅವುಗಳಲ್ಲಿ ಮತ್ತೆಮತ್ತೆ ಬರುವ ದೂರು ಯಾವುದು ಎಂದು ಗುರುತು ಹಾಕಿಕೊಳ್ಳಿ. "ನಾನು ಸತ್ತ ಮೇಲೆ ಇವನನ್ನು ಯಾರು ನೋಡ್ತಾರೆ" ಎಂಬ ಧಾಟಿಯ ಮಾತು ನಿಮಗೆ ಹಲವು ಕಡೆ ಸಿಕ್ಕಿರಬೇಕು. ಆಮೇಲೆ ನೀವು ಆರಿಸಿದ ಟೂಲ್ ಆ ಚಿಂತೆಯನ್ನು ಕೇಳುತ್ತದೆಯೇ ಎಂದು ಪ್ರಶ್ನೆ ಪ್ರಶ್ನೆಯಾಗಿ ನೋಡಿ. ಕೇಳದಿದ್ದರೆ ಟೂಲ್ ಬದಲಿಸುವ ಬಗ್ಗೆ ಅಥವಾ ಜೊತೆಗೆ ಒಂದು ಮುಕ್ತ ಪ್ರಶ್ನೆ ಇಡುವ ಬಗ್ಗೆ ಗೈಡ್ ಹತ್ತಿರ ಈಗಲೇ ಮಾತಾಡಿ. ಎಥಿಕ್ಸ್ ಸಮಿತಿಗೆ ಕಾಗದ ಹೋದ ಮೇಲೆ ಒಂದು ಪ್ರಶ್ನೆ ಸೇರಿಸಲೂ ಮತ್ತೆ ಅನುಮತಿ ಬೇಕಾಗುತ್ತದೆ.